ಬಿಲ್ಲೆ ನಂಬರ್ 417

“ಅದನ್ನ ಕೆಳಗಿಡಿ,” ಅಂದರು ಸಾಹೇಬರು.

ಅರ್ಧ ಡಾಕ್ಟರು ಕೆಳಗಿಡಲಿಲ್ಲ. ಅವರ ಕೈಯಲ್ಲಿದ್ದದ್ದು ಮಾತ್ರೆ ಎಣಿಸುವ ತಗಡಿನ ಪಟ್ಟಿ. ಹಳದಿ ಮಾತ್ರೆಗಳನ್ನು ಎರಡೆರಡಾಗಿ ತಟ್ಟೆಯ ಆಚೆ ಬದಿಗೆ ತಳ್ಳುತ್ತ, “ಇಪ್ಪತ್ತಾರು, ಇಪ್ಪತ್ತೆಂಟು... ಮೂವತ್ತು ಮುಗಿಸಿಬಿಡ್ತೀನಿ ಸ್ವಾಮಿ. ಮಧ್ಯೆ ಬಿಟ್ಟರೆ ಮತ್ತೆ ಮೊದಲಿಂದ ಎಣಿಸಬೇಕು,” ಅಂದರು.

ಹಿಡಿಯಲು ಬಂದ ಪೊಲೀಸರನ್ನು ಮೂವತ್ತರ ತನಕ ಕಾಯಿಸಿದ ಆರೋಪಿಯನ್ನು ಸಾಹೇಬರು ತಮ್ಮ ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. ಆದರೂ ಕಾದರು. ಯಾಕೆ ಅಂದರೆ ಸುಸ್ತು. ಈ ಊರಿನಲ್ಲಿ ಎಲ್ಲರನ್ನೂ ಹಿಡಿದಿರುವ ಸುಸ್ತು ಪೊಲೀಸ್ ಇನ್‌ಸ್ಪೆಕ್ಟರನ್ನು ಮಾತ್ರ ಬಿಡುತ್ತದೆಯೇ? ಹುಟ್ಟಿನಿಂದಲೇ ಅವರ ರೆಪ್ಪೆ ಸ್ವಲ್ಪ ಜೋಲು. ಅದಕ್ಕೇ ಜನ ಬೆನ್ನ ಹಿಂದೆ ‘ನಿದ್ದೆ ಸಾಹೇಬ್ರು’ ಅನ್ನುತ್ತಿದ್ದರು. ಪಾಪ, ಅವರು ಕಣ್ತುಂಬ ನಿದ್ದೆ ಮಾಡಿ ವರ್ಷದ ಮೇಲಾಗಿತ್ತು.

“ಮೂವತ್ತು.” ಅರ್ಧ ಡಾಕ್ಟರು ಮಾತ್ರೆಗಳನ್ನು ಸಣ್ಣ ಬಾಟಲಿಗೆ ಸುರಿದು, ಮುಚ್ಚಳ ತಿರುಗಿಸಿ, ಎರಡೂ ಕೈಗಳನ್ನು ಮುಂದೆ ಚಾಚಿದರು. “ಈಗ ಹಾಕಿ ಬೇಡಿ.”

“ಅಷ್ಟೊಂದು ಆತುರ ಏನು? ಕೂತ್ಕೊಳ್ಳಿ ಮೊದಲು.”

“ಕೂತರೆ ಏಳೋಕಾಗಲ್ಲ ಸ್ವಾಮಿ. ಮಂಡಿ ಹಿಡ್ಕೊಳುತ್ತೆ.”

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕು, ಸಾಹೇಬರ ಮುಖ ನೋಡಿ ನಗು ನುಂಗಿಕೊಂಡ. ಠಾಣೆಯಲ್ಲಿ ಅವನ ಹೆಸರು ‘ರೇಡಿಯೋ’. ಬೆಳಿಗ್ಗೆ ಹಚ್ಚಿದರೆ ಸಂಜೆಯ ತನಕ ಆರುವುದಿಲ್ಲ.

ಹಿಂದಿನ ಕಥೆ ತಪ್ಪಿಹೋದವರಿಗೆ ಒಂದೇ ಮಾತು ಸಾಕು: ಬಾಟಲಿ ಫ್ಯಾಕ್ಟರಿ ಮುಚ್ಚಿ ನಾಲ್ಕು ವರ್ಷವಾದ ಈ ಊರಿನಲ್ಲಿ, ಠಾಣೆಗೆ ಬರೀ ಒಂದು ನಂಬರ್ ಬರೆದ ಚೀಟಿ ಬರುತ್ತದೆ, ಎರಡು ಮೂರು ವಾರದೊಳಗೆ ಆ ನಂಬರಿನ ಕೆಲಸಗಾರ ಸಾಯುತ್ತಾನೆ, ಹೀಗೆ ಆರು ಚೀಟಿಗೆ ಆರು ಹೆಣ ಬಿದ್ದಿವೆ.

ಅವು ಬಿಲ್ಲೆ ನಂಬರುಗಳು. ಫ್ಯಾಕ್ಟರಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಗೇಟಿನೊಳಗೆ ಎರಡು ಹಲಗೆ, ಒಂದರ ಮೇಲೆ ‘ಹೊರಗೆ’, ಇನ್ನೊಂದರ ಮೇಲೆ ‘ಒಳಗೆ’. ಬಂದವನು ತನ್ನ ಬಿಲ್ಲೆಯನ್ನು ‘ಹೊರಗೆ’ ಹಲಗೆಯಿಂದ ತೆಗೆದು ‘ಒಳಗೆ’ ಹಲಗೆಯ ಮೊಳೆಗೆ ನೇತುಹಾಕಿದರೆ ಆಯಿತು, ಅದೇ ಹಾಜರಿ. ಫ್ಯಾಕ್ಟರಿ ಮುಚ್ಚಿದ ದಿನ ಬಿಲ್ಲೆ ವಾಪಸ್ ಕೊಡಿ ಅಂತ ಕೇಳುವವರೇ ಇರಲಿಲ್ಲ, ಎಲ್ಲರೂ ಮನೆಗೆ ತೆಗೆದುಕೊಂಡು ಹೋದರು. ಆದರೆ ಸತ್ತ ಆರು ಜನರ ಮನೆಯಲ್ಲಿ ಎಲ್ಲಿ ಹುಡುಕಿದರೂ ಬಿಲ್ಲೆ ಸಿಕ್ಕಿರಲಿಲ್ಲ.

“ಕೊಲೆಗಾರ ನೆನಪಿಗೆ ಇಟ್ಕೋತಾನೆ ಸಾರ್, ಖಂಡಿತ,” ಅಂದಿದ್ದ ರೇಡಿಯೋ.

ಮೊನ್ನೆ ಏಳನೇ ಚೀಟಿ ಬಂದಿತ್ತು. 417.

ಅದು ಯಾರ ನಂಬರ್ ಅಂತ ರೇಡಿಯೋಗೆ ಗೊತ್ತಿರಲಿಲ್ಲ. ಸಾಹೇಬರಿಗೆ ಗೊತ್ತಿತ್ತು, ಯಾವ ರಿಜಿಸ್ಟರನ್ನೂ ತೆಗೆದು ನೋಡಬೇಕಾಗಿರಲಿಲ್ಲ. ಪೊಲೀಸ್ ಕೆಲಸದ ಓಟದ ಪರೀಕ್ಷೆಗೆ ತಯಾರಾಗುತ್ತಿದ್ದ ಕಾಲದಲ್ಲಿ ಅವರು ಅಕ್ಕನ ಮನೆಯಲ್ಲಿದ್ದರು. ಆಗಲೂ ನಿದ್ದೆಬುರುಕನೇ. ಬೆಳಿಗ್ಗೆ ಐದಕ್ಕೆ ಭಾವ ಕಿಟಕಿಯ ಸರಳಿಗೆ ತಮ್ಮ ಬಿಲ್ಲೆಯಿಂದ ಟಿಕ್ ಟಿಕ್ ಟಿಕ್ ಅಂತ ಮೂರು ಸಲ ತಟ್ಟಿ, “ಏಳಯ್ಯಾ, ಸರ್ಕಾರ ನಿನಗೋಸ್ಕರ ಕಾಯಲ್ಲ,” ಅನ್ನುತ್ತಿದ್ದರು. ಆಮೇಲೆ ಹರಿದ ಕ್ಯಾನ್ವಾಸ್ ಶೂ ಹಾಕಿಕೊಂಡು ಮೂರು ತಿಂಗಳು ಪ್ರತಿದಿನ ಪಕ್ಕದಲ್ಲಿ ಓಡಿದರು. ಓಡಿ, ಸ್ನಾನ ಮಾಡಿ, ಎಂಟು ಗಂಟೆ ಪಾಳಿಗೆ ಹೋಗುತ್ತಿದ್ದರು. ಆ ಬಿಲ್ಲೆಯ ಮೇಲೆ ಕೆತ್ತಿದ್ದ ನಂಬರ್ 417.

ಅದಕ್ಕೇ ಸಾಹೇಬರಿಗೆ ಕೊಲೆಗಾರ ಬೇಕಾಗಿತ್ತು. ಇವತ್ತೇ ಬೇಕಾಗಿತ್ತು. ಕೊಲೆಗಾರನಾದರೆ ಹಿಡಿಯಬಹುದು, ಹಿಡಿದರೆ ಭಾವ ಉಳಿಯುತ್ತಾರೆ.

ಹೆಣ ಕೊಯ್ದ ಡಾಕ್ಟರಮ್ಮ ಬೇರೆ ಮಾತು ಹೇಳಿದ್ದರು. “ಒಬ್ಬರಿಗೆ ಮೆದುಳಲ್ಲಿ ರಕ್ತನಾಳ ಒಡೆದಿದೆ, ಒಬ್ಬರಿಗೆ ಹೃದಯ ನಿಂತಿದೆ, ಇಬ್ಬರಿಗೆ ಕುಡಿದು ಕುಡಿದು ಲಿವರ್ ಹೋಗಿದೆ, ಒಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಮೇಲಕ್ಕೇರಿದೆ, ಒಬ್ಬರು ತಾರಸಿಯಿಂದ ಬಿದ್ದಿದಾರೆ. ವಿಷ ಒಬ್ಬರಲ್ಲೂ ಇಲ್ಲ. ನಿಮಗೆ ಬೇಕು ಅಂತ ನಾನು ಎಲ್ಲಿಂದ ತರಲಿ ಸಾಹೇಬ್ರೇ?”

ಆದರೆ ಆರೂ ಜನ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ಒಬ್ಬರ ಕೈಯಿಂದಲೇ. ಫ್ಯಾಕ್ಟರಿ ದವಾಖಾನೆಯ ಕಾಂಪೌಂಡರ್, ಊರ ಬಾಯಲ್ಲಿ ‘ಅರ್ಧ ಡಾಕ್ಟರು’. ಡಾಕ್ಟರು ಊರು ಬಿಟ್ಟ ಮೇಲೂ ಇವರು ಬಿಡಲಿಲ್ಲ. ಕೆಲಸಗಾರರ ಮನೆ ಸಾಲಿನ ಕೊನೆಯಲ್ಲಿರುವ ಈ ಒಂದೇ ಕೋಣೆಯಲ್ಲಿ, ಸುಣ್ಣ ಉದುರುವ ಗೋಡೆಗಳ ನಡುವೆ, ಹೇಳುವವರು ಕೇಳುವವರು ಯಾರೂ ಇಲ್ಲದೆ ಮಾತ್ರೆ ಕೊಡುತ್ತಲೇ ಇದ್ದರು. ನಿನ್ನೆ ರೇಡಿಯೋ ಒಂದು ಚೀಟಿಯನ್ನು ಈ ದವಾಖಾನೆಯ ಔಷಧಿ ಚೀಟಿಯ ಜೊತೆ ಇಟ್ಟು ನೋಡಿದ್ದ. ಅದೇ ಕಾಗದ, ಅದೇ ನೀಲಿ ಶಾಯಿ.

ಸಾಹೇಬರು ಆರು ಚೀಟಿಗಳನ್ನು ಮಾತ್ರೆ ತಟ್ಟೆಯ ಪಕ್ಕ ಸಾಲಾಗಿ ಇಟ್ಟರು.

“ಇದು ಯಾರು ಬರೆದದ್ದು?”

“ನಾನೇ.”

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಕೇಳಿ ರೇಡಿಯೋ ಬರೆಯುವುದನ್ನೇ ಮರೆತ.

“ಯಾಕೆ ಸಾಯಿಸಿದಿರಿ?”

“ಯಾರನ್ನ?”

“ಈ ಆರು ಜನರನ್ನ.”

ಅರ್ಧ ಡಾಕ್ಟರು ಸಾಹೇಬರನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಆ ಒಣಕಲು ಮುಖ ನಿಧಾನಕ್ಕೆ ಕೆಂಪೇರಿತು. ಮೂವತ್ತು ವರ್ಷ ಯಾರಿಗೂ ಎದುರಾಡದ ಮನುಷ್ಯನಿಗೆ ಸಿಟ್ಟು ಬಂದರೆ ಹೇಗಿರುತ್ತದೆ ಅಂತ ಇಬ್ಬರು ಪೊಲೀಸರೂ ಅವತ್ತು ನೋಡಿದರು.

“ನಾನು ಸಾಯಿಸಿದ್ದಾ? ನೀವು ಯಾಕೆ ಹೋಗಲಿಲ್ಲ ಅದು ಹೇಳಿ ಮೊದಲು!”

“ಎಲ್ಲಿಗೆ?”

“ಅವರ ಮನೆಗೆ ಸ್ವಾಮಿ! ನಂಬರ್ ಬರೆದು ಕಳಿಸಿದ್ದೆನಲ್ಲ! ಒಂದಲ್ಲ ಎರಡಲ್ಲ, ಆರು ಸಲ! ಒಬ್ಬರ ಮನೆಗಾದರೂ ಹೋದಿರಾ ನೀವು?”

ಸಾಹೇಬರು ಹೋಗಿದ್ದರು. ಆರೂ ಮನೆಗೆ ಹೋಗಿದ್ದರು. ಆರೂ ಸಲ ಸತ್ತ ಮೇಲೆ ಹೋಗಿದ್ದರು.

“ಬಿಡಿಸಿ ಹೇಳಿ,” ಅಂದರು.

ಅರ್ಧ ಡಾಕ್ಟರು ಮಂಡಿಯ ಮಾತು ಮರೆತು ಕುರ್ಚಿಯ ಮೇಲೆ ಕುಸಿದರು. “ಫ್ಯಾಕ್ಟರಿ ಪದ್ಧತಿ ಸ್ವಾಮಿ. ಎರಡು ದಿನ ಒಬ್ಬನ ಬಿಲ್ಲೆ ಅಲ್ಲಾಡಲಿಲ್ಲ ಅಂದರೆ ಗೇಟಿನ ಗುಮಾಸ್ತ ಒಂದು ಚೀಟಿ ಮೇಲೆ ಅವನ ನಂಬರ್ ಬರೆದು ಡಬ್ಬಿಗೆ ಹಾಕ್ತಿದ್ದ. ನಂಬರ್ ಅಷ್ಟೇ, ಬೇರೇನೂ ಇಲ್ಲ. ಮನೆ ವಿಚಾರಿಸೋನು ಒಬ್ಬ ಇದ್ದ. ಅವನು ಚೀಟಿ ಹಿಡ್ಕೊಂಡು ಸಂಜೆಯೊಳಗೆ ಆ ಮನೆ ಮುಂದೆ ಇರ್ತಿದ್ದ. ಜ್ವರವೋ, ಜಗಳವೋ, ಕುಡಿದು ಬಿದ್ದಿದಾನೋ, ಏನೇ ಇರಲಿ, ಬಾಗಿಲು ತಟ್ಟಿ ಆಳಿನ ಮುಖ ನೋಡದೆ ವಾಪಸ್ ಬರೋ ಹಾಗಿರಲಿಲ್ಲ. ನಂಬರ್ ಬರೆದರೆ ಹೋಗಿ ನೋಡಿ ಅಂತ ಅರ್ಥ. ಈ ಬೀದಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿತ್ತು.”

ಸಾಹೇಬರಿಗೆ ಹಳೆಯದೊಂದು ನೆನಪಾಯಿತು. ಭಾವನಿಗೆ ಟೈಫಾಯ್ಡ್ ಬಂದಿದ್ದಾಗ ಒಬ್ಬ ಉದ್ದನೆಯ ಮನುಷ್ಯ ಬಾಗಿಲು ತಟ್ಟಿದ್ದ. ಬಾಗಿಲು ತೆಗೆದದ್ದು ತಾವೇ. ಅವನ ಕೈಯಲ್ಲಿ ಚೀಟಿ ಇದ್ದದ್ದನ್ನು ನೋಡಿದ್ದರು. ಅದರಲ್ಲಿ ಏನು ಬರೆದಿತ್ತು ಅಂತ ಮಾತ್ರ ನೋಡಿರಲಿಲ್ಲ.

“ಪೊಲೀಸರಿಗೆ ಏನು ಗೊತ್ತು ನಿಮ್ಮ ಪದ್ಧತಿ?” ರೇಡಿಯೋ ರೇಗಿದ. “ಒಂದು ಸಾಲು ಬರೆಯೋಕೇನಾಗಿತ್ತು ರೀ, ಇಂಥವರಿಗೆ ಹುಷಾರಿಲ್ಲ, ಹೋಗಿ ನೋಡಿ ಅಂತ?”

“ಮೂವತ್ತು ವರ್ಷ ಹಾಗೇ ನಡೀತಲ್ಲಪ್ಪ. ಬೇರೆ ಥರ ಬರೀಬೇಕು ಅಂತ ತೋಚಲೇ ಇಲ್ಲ.” ಅರ್ಧ ಡಾಕ್ಟರ ಸಿಟ್ಟು ಬಂದಷ್ಟೇ ಬೇಗ ಇಳಿದುಹೋಗಿತ್ತು. “ಹೆಸರು ಹಾಕಲಿಲ್ಲ, ನಿಜ. ಲೈಸೆನ್ಸ್ ಇಲ್ಲದೆ ಮಾತ್ರೆ ಕೊಡ್ತಿದೀನಿ ಅನ್ನೋ ಭಯ. ಮೊದಲು ನಾನೇ ಇಬ್ಬರ ಮನೆಗೆ ಹೋದೆ. ಒಬ್ಬ ಕದ ತೆಗೀಲಿಲ್ಲ. ಇನ್ನೊಬ್ಬ ನಿನ್ನ ಮಾತ್ರೆ ನೀನೇ ನುಂಗು ಹೋಗು ಅಂದ. ಆಮೇಲೆ ನನ್ನ ಮಾತ್ರೆಯಿಂದಲೇ ಜನ ಸಾಯ್ತಿದಾರೆ ಅಂತ ಸುದ್ದಿ ಹಬ್ಬಿತು. ಯಾರ ಮನೆ ಮೆಟ್ಟಿಲು ಹತ್ತಲಿ? ಫ್ಯಾಕ್ಟರಿ ಹೋದ ಮೇಲೆ ಈ ಊರಲ್ಲಿ ಕೇಳದೆ ಬಾಗಿಲು ತಟ್ಟೋ ಅಧಿಕಾರ ಇರೋದು ನಿಮಗೊಬ್ಬರಿಗೇ ಅಲ್ವಾ? ಅದಕ್ಕೇ ನಿಮಗೆ ಕಳಿಸಿದೆ.”

ಹೊರಗೆ ಬಿಸಿಲು ಏರುತ್ತಿತ್ತು. ಬೀದಿಯಲ್ಲಿ ಜನವೇ ಇಲ್ಲ. ಒಂದು ಕಾಲಕ್ಕೆ ಈ ಹೊತ್ತಿನಲ್ಲಿ ಸೈಕಲ್ಲುಗಳ ಗಲಾಟೆಗೆ ಮಾತು ಕೇಳಿಸುತ್ತಿರಲಿಲ್ಲ.

“ಹಾಗಾದರೆ ಅವರನ್ನ ಸಾಯಿಸಿದ್ದು ಏನು?” ಸಾಹೇಬರು ಕೇಳಿದರು. ಈಗ ಅದು ಪೊಲೀಸಿನವರ ಪ್ರಶ್ನೆಯಾಗಿರಲಿಲ್ಲ.

“ನನಗೇನು ಗೊತ್ತು, ನಾನು ಅರ್ಧವೇ ಡಾಕ್ಟರು.” ಮುದುಕರು ಕಷ್ಟಪಟ್ಟು ನಕ್ಕರು. “ಫ್ಯಾಕ್ಟರಿ ಇದ್ದಾಗಲೂ ಇವರಿಗೆ ಪ್ರೆಶರ್ ಇತ್ತು, ಸಕ್ಕರೆ ಇತ್ತು. ಕುಡೀತಾನೂ ಇದ್ದರು, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಿಗ್ಗೆ ಸೈರನ್ ಆದರೆ ಏಳಲೇಬೇಕು. ಎದ್ದರೆ ಸ್ನಾನ, ಸ್ನಾನ ಆದರೆ ಗೇಟು, ಗೇಟಿನಲ್ಲಿ ನಾನು ತಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ. ನನ್ನೆದುರೇ ಮಾತ್ರೆ ನುಂಗಿ ಒಳಗೆ ಹೋಗಬೇಕು. ಮಧ್ಯಾಹ್ನ ಕ್ಯಾಂಟೀನಲ್ಲಿ ಬಿಸಿ ಊಟ. ಒಬ್ಬ ಊಟಕ್ಕೆ ಬರಲಿಲ್ಲ ಅಂದರೆ ನಾಲ್ಕು ಜನ ಎಲ್ಲೋ ಅವನು ಅಂತ ಹುಡುಕೋರು. ಈಗ?”

ಈಗ ಏನು ಅಂತ ಸಾಹೇಬರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲು ಕ್ಯಾಂಟೀನ್ ಹೋಯಿತು. ಆಮೇಲೆ ಬೆಳಗಿನ ಬಸ್ಸು, ಕ್ಷೌರದಂಗಡಿ, ಎದುರಿನ ಚಹಾದಂಗಡಿ. ಕೈಲಾದವರು ಊರು ಬಿಟ್ಟರು. ಉಳಿದವರಲ್ಲಿ ಹೆಂಗಸರು ಬೇರೆ ಊರಿನ ಮನೆಗೆಲಸಕ್ಕೆ ಮುಂಜಾನೆ ಹೊರಟರೆ ಕತ್ತಲಾದ ಮೇಲೆ ಬರುವುದು. ಗಂಡಸರು ಬಾಗಿಲು ಎಳೆದುಕೊಂಡು ಒಳಗೆ ಕೂತರು. ಹೊರಗೆ ಬಂದರೆ ಏನು ಮಾಡ್ತಿದೀರಿ ಅಂತ ಯಾರಾದರೂ ಕೇಳಿಬಿಟ್ಟರೆ?

ನಗರಸಭೆಯಿಂದ ರೇಡಿಯೋ ತಂದಿದ್ದ ಮರಣದ ಪಟ್ಟಿ ಸಾಹೇಬರ ಜೇಬಿನಲ್ಲೇ ಇತ್ತು. ಫ್ಯಾಕ್ಟರಿ ನಡೆಯುತ್ತಿದ್ದಾಗ ಈ ಇನ್ನೂರು ಮನೆಗಳಲ್ಲಿ ಅರವತ್ತು ತುಂಬದೆ ಸಾಯುತ್ತಿದ್ದವರು ವರ್ಷಕ್ಕೆ ಮೂರೋ ನಾಲ್ಕೋ ಜನ. ಹೋದ ವರ್ಷ ಹತ್ತೊಂಬತ್ತು. ರೋಗ ಹಬ್ಬಿಲ್ಲ, ನೆರೆ ಬಂದಿಲ್ಲ. ಅದನ್ನು ನೋಡಿದ ದಿನ ಸಾಹೇಬರಿಗೆ ಇದು ಒಬ್ಬನೇ ಮಾಡಿದ ಕೆಲಸವಾಗಿರಲಿ ದೇವರೇ ಅಂತ ಅನ್ನಿಸಿತ್ತು. ಎಂಥ ಆಸೆ ನೋಡಿ! ಆದರೆ ಒಬ್ಬನಾದರೆ ಅವನಿಗೆ ಬೇಡಿ ತೊಡಿಸಬಹುದು. ಇದಕ್ಕೆ ಯಾವ ಕೈ ಇದೆ ಅಂತ ತೊಡಿಸೋದು?

“ಬಿಲ್ಲೆಗಳು ಎಲ್ಲಿ?” ರೇಡಿಯೋ ಪಟ್ಟು ಬಿಡಲಿಲ್ಲ. “ಆರು ಜನರ ಬಿಲ್ಲೆ?”

ಅರ್ಧ ಡಾಕ್ಟರು ತಲೆ ಎತ್ತಿ ಬಾಗಿಲ ಹಿಂದಿನ ಗೋಡೆ ತೋರಿಸಿದರು.

ಅಲ್ಲೊಂದು ಪ್ಲೈವುಡ್ ಹಲಗೆ. ಎಡಕ್ಕೆ ‘ಹೊರಗೆ’, ಬಲಕ್ಕೆ ‘ಒಳಗೆ’ ಅಂತ ಬಣ್ಣದಲ್ಲಿ ಬರೆದಿತ್ತು. ಎರಡೂ ಕಡೆ ಸಾಲು ಸಾಲು ಮೊಳೆ. ಬಲಗಡೆ ಒಂಬತ್ತು ಬಿಲ್ಲೆ, ಎಡಗಡೆ ಹದಿನಾಲ್ಕು.

“ಗೇಟಿನ ಹಾಗೇ ಇಲ್ಲೂ ಮಾಡಿದೆ. ಬಂದವರು ಬಿಲ್ಲೆ ಬಲಕ್ಕೆ ಹಾಕಿ ಮಾತ್ರೆ ನುಂಗಿ ಹೋಗಬೇಕು. ಸಂಜೆ ನಾನೇ ಎಲ್ಲವನ್ನೂ ಎಡಕ್ಕೆ ಹಾಕ್ತೀನಿ. ಮೊದಮೊದಲು ನಗಾಡಿಕೊಂಡು ಬರೋರು, ಸಾಲು ನಿಲ್ಲೋರು. ಆಮೇಲೆ ಒಬ್ಬೊಬ್ಬರೇ ನಿಂತುಹೋದರು. ವಾರವಾದರೂ ಬಿಲ್ಲೆ ಅಲ್ಲಾಡದಿದ್ದರೆ ನಿಮಗೆ ಚೀಟಿ ಹಾಕ್ತಿದ್ದೆ. ಆ ಆರು ಬಿಲ್ಲೆ ಇಲ್ಲೇ ಎಡಗಡೆ ಇದ್ದವು. ತೆಗೆಯೋಕೆ ಮನಸ್ಸು ಬರಲಿಲ್ಲ. ಒಂದು ದಿನ ಬಂದು ನೋಡ್ತೀನಿ, ಆರೂ ಇಲ್ಲ. ನೀವೇ ತಗೊಂಡು ಹೋಗಿದೀರಿ ಅಂದ್ಕೊಂಡೆ.”

“ಯಾವತ್ತು?”

“ಇವತ್ತಿಗೆ ಹನ್ನೊಂದು ದಿನ.”

ಸಾಹೇಬರ ಕಣ್ಣು ಎಡಗಡೆಯ ಖಾಲಿ ಮೊಳೆಗಳ ಮೇಲೆ ಓಡಿತು. ಮೊಳೆಯ ಕೆಳಗೆ ಸಣ್ಣದಾಗಿ ನಂಬರ್ ಬರೆದಿತ್ತು. 417ರ ಮೊಳೆಯೂ ಖಾಲಿ.

“ಈತ?” ಅಂದರು, ನಂಬರಿನ ಮೇಲೆ ಬೆರಳಿಟ್ಟು. “ಇವರದ್ದು ಯಾಕೆ ಬರೆದಿರಿ? ಏಳನೇ ಚೀಟಿ?”

“ಏಳನೇದಾ? ನಾನು ಬರೆದದ್ದು ಆರೇ ಸ್ವಾಮಿ.”

“ಸುಳ್ಳು ಹೇಳಬೇಡಿ.”

“ನಿಮ್ಮ ಭಾವನ ಬಗ್ಗೆ ನಾನ್ಯಾಕೆ ಚೀಟಿ ಬರೀಲಿ? ಅವರಿಗೆ ಕೆಲಸ ಸಿಕ್ಕಿದೆಯಲ್ಲ! ಹನ್ನೊಂದು ದಿನದ ಹಿಂದೆ ಬಂದು, ಕೆಲಸ ಸಿಕ್ತು, ಇನ್ನು ಬರಲ್ಲ ಅಂತ ಬಿಲ್ಲೆ ತಗೊಂಡು ಹೋದರು. ನನಗೆ ಎಷ್ಟು ಖುಷಿಯಾಯ್ತು ಅಂದರೆ, ನೀರು ತರೋಕೆ ಅಂತ ಹಿಂದೆ ಹೋದೋನು ಅಲ್ಲೇ ನಿಂತು ಕಣ್ಣು ಒರೆಸ್ಕೊಂಡೆ.”

ರೇಡಿಯೋ ಬಾಯಿ ತೆರೆದ. “ನಿಮ್ಮ ಭಾವನಾ ಸಾರ್?” ಅಂತ ಕೇಳಿ, ಸರ್ವೀಸಿನಲ್ಲಿ ಮೊದಲ ಸಲ ತಾನಾಗೇ ಬಾಯಿ ಮುಚ್ಚಿಕೊಂಡ.

ಸಾಹೇಬರು ಒಳಜೇಬಿನಿಂದ ಏಳನೇ ಚೀಟಿ ತೆಗೆದರು. ಇದು ಕಾಗದವಲ್ಲ, ಯಾವುದೋ ರಟ್ಟಿನ ಪೆಟ್ಟಿಗೆಯಿಂದ ಅಚ್ಚುಕಟ್ಟಾಗಿ ಕತ್ತರಿಸಿದ ತುಂಡು. ಶಾಯಿ ಇಲ್ಲ. ನಂಬರನ್ನು ರಟ್ಟಿಗೆ ಒತ್ತಿ ಮೂಡಿಸಿತ್ತು. ಮೊನ್ನೆ ಇದನ್ನು ನೋಡಿದಾಗ, ಕೊಲೆಗಾರನಿಗೆ ಕೊಬ್ಬು ಹೆಚ್ಚಾಯಿತು ಅಂದುಕೊಂಡಿದ್ದರು. ಈಗ ಕಿಟಕಿಯ ಬೆಳಕಿಗೆ ಹಿಡಿದರು. ಮೂರೂ ಅಂಕಿ ಒಂದೇ ಆಳ, ಅಂಚು ಚೂಪು. ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಒಂದೊಂದೇ ಪೆಟ್ಟು ಕೊಟ್ಟ ಗುರುತು. ಏಳರ ಕಾಲು ಮಾತ್ರ ಒಂದು ಚೂರು ಮುರಿದಿತ್ತು.

ಆ ಮುರಿದ ಏಳನ್ನು ಅವರು ಎಷ್ಟು ಕಡೆ ನೋಡಿಲ್ಲ! ಅಕ್ಕನ ಮನೆಯ ಬಾಗಿಲ ನಂಬರಿನಲ್ಲಿ. ಅಕ್ಕನ ಪಾತ್ರೆಗಳ ತಳದಲ್ಲಿ. ಪರೀಕ್ಷೆ ಪಾಸಾದ ದಿನ ಭಾವ ತಮ್ಮ ಸೈಕಲ್ಲನ್ನೇ ಕೊಟ್ಟುಬಿಟ್ಟಾಗ, ಅದರ ಹ್ಯಾಂಡಲ್ ಮೇಲೆ ಒತ್ತಿದ ತಾರೀಖಿನಲ್ಲಿ. ಭಾವ ಫ್ಯಾಕ್ಟರಿಯ ಫಿಟ್ಟರ್. ಈ ಬೀದಿಯಲ್ಲಿ ಅಂಕಿ ಒತ್ತುವ ಅಚ್ಚಿನ ಪೆಟ್ಟಿಗೆ ಇದ್ದದ್ದು ಅವರೊಬ್ಬರ ಹತ್ತಿರ.

ಭಾವ ತಮ್ಮ ನಂಬರನ್ನು ತಾವೇ ಕಳಿಸಿದ್ದರು. ಹೋಗಿ ನೋಡಿ ಅಂತ. ತಮ್ಮನ್ನೇ.

ಐದು ತಿಂಗಳ ಹಿಂದೆ, ಅಕ್ಕನ ಮನೆಗೆ ಕೊನೆಯ ಸಲ ಹೋದಾಗ, ಕಿಟಕಿ ಪಕ್ಕ ಕೂತಿದ್ದ ಭಾವ, “ಬಾರಯ್ಯಾ, ಫ್ಯಾಕ್ಟರಿ ತನಕ ಒಂದು ಸುತ್ತು ನಡೆದು ಬರೋಣ,” ಅಂದಿದ್ದರು. ಡ್ಯೂಟಿ ಇದೆ ಅಂತ ಸಾಹೇಬರು ಎದ್ದು ಬಂದಿದ್ದರು. ಡ್ಯೂಟಿ ಇರಲಿಲ್ಲ. ಆ ಮನುಷ್ಯ ಸುಮ್ಮನೆ ಕೂತಿರುವುದನ್ನು ನೋಡಲಾಗಿರಲಿಲ್ಲ, ಅಷ್ಟೇ. ಆಮೇಲೆ ಹೋಗಲೇ ಇಲ್ಲ. ಚೀಟಿ ಬಂದ ಮೇಲೂ ಮಫ್ತಿಯಲ್ಲಿ ಒಬ್ಬ ಪೇದೆಯನ್ನು ಮನೆಯ ಎದುರು ನಿಲ್ಲಿಸಿದರೇ ಹೊರತು, ತಾವು ಹೋಗಿ ಬಾಗಿಲು ತಟ್ಟಲಿಲ್ಲ. ಥೂ, ನಾನೂ ಒಬ್ಬ ಮನುಷ್ಯನಾ ಅಂತ ಅನ್ನಿಸಿತು.

ಪೇದೆಯ ವರದಿ ಒಂದೇ ಸಾಲು: ಬೆಳಿಗ್ಗೆ ಏಳೂವರೆಗೆ ಡಬ್ಬಿ ಹಿಡಿದು ಹೋಗ್ತಾರೆ, ಸಂಜೆ ಐದೂವರೆಗೆ ಬರ್ತಾರೆ. ಕಾವಲು ಮನೆಗೆ ಇತ್ತು, ಆಳಿಗೆ ಇರಲಿಲ್ಲ.

ಸಾಹೇಬರು ಅಕ್ಕನಿಗೆ ಫೋನ್ ಮಾಡಿದರು.

“ಏನೋ, ಅಂತೂ ನೆನಪಾಯ್ತಾ ಅಕ್ಕ ಅಂತ ಒಬ್ಬಳು ಇದಾಳೆ ಅಂತ?”

“ಅಕ್ಕ, ಭಾವ ಎಲ್ಲಿ ಕೆಲಸ ಮಾಡ್ತಿರೋದು?”

“ಯಾವುದೋ ಗೋಡೌನು ಅಂದರಪ್ಪ. ನಾನೂ ಜಾಸ್ತಿ ಕೇಳಲಿಲ್ಲ. ನಾಲ್ಕು ವರ್ಷ ಆದ ಮೇಲೆ ಮುಖದಲ್ಲಿ ಒಂದು ಚೂರು ಕಳೆ ಬಂದಿದೆ, ಕೇಳಿ ಯಾಕೆ ಕೆಡಿಸಲಿ? ಅಂಗಿಗೆ ದಿನಾ ಎಣ್ಣೆ ಕಲೆ ಮಾಡ್ಕೊಂಡು ಬರ್ತಾರೆ. ಉಜ್ಜಿ ಉಜ್ಜಿ ನನ್ನ ಕೈ ಬಿತ್ತು.” ಅಕ್ಕ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು. “ಯಾಕೋ?”

“ಏನಿಲ್ಲ. ಮಾತ್ರೆ ತಗೋತಿದಾರಾ?”

“ಬೇಡ ಅಂತ ಬಿಟ್ಟಿದಾರೆ. ಕೆಲಸ ಸಿಕ್ತಲ್ಲ, ಇನ್ನು ಯಾವ ಕಾಯಿಲೆ ಅಂತಾರೆ. ನೀನಾದರೂ ಒಂದು ಮಾತು ಹೇಳೋ. ನೋಡು, ಇವತ್ತು ಊಟದ ಡಬ್ಬೀನೂ ಬಿಟ್ಟು ಹೋಗಿದಾರೆ. ಹಿಂದೆ ಓಡಿಹೋಗಿ ಕೂಗಿದೆ, ಇವತ್ತು ಬೇಡ ಅಂತ ಕೈ ಆಡಿಸಿ ಹೋದರು.”

“ನಾನು ಕೊಟ್ಟು ಬರ್ತೀನಿ ಅಕ್ಕ, ಇಟ್ಟಿರು,” ಅಂದರು ಸಾಹೇಬರು. ಅಕ್ಕನ ಮನೆಗೆ ಅವರು ಹೇಳಿದ ಎರಡನೇ ಸುಳ್ಳು ಅದು.

ಫೋನಿನ ಮಾತು ಕೇಳಿದ ಅರ್ಧ ಡಾಕ್ಟರು ಎದ್ದು ನಿಂತಿದ್ದರು. “ಮಾತ್ರೆ ಬಿಟ್ಟಿದಾರಾ? ಹನ್ನೊಂದು ದಿನದಿಂದ? ಅಯ್ಯೋ ನನ್ನ ಬುದ್ಧಿಗಿಷ್ಟು! ಕೆಲಸ ಸಿಕ್ತು ಅಂದ ಕೂಡಲೆ ನಾನು ಮಾತ್ರೆ ಎಲ್ಲಿಂದ ತಗೋತೀರಿ ಅಂತಲೂ ಕೇಳಲಿಲ್ಲ. ಅವರ ಪ್ರೆಶರ್ ಎಂಥದ್ದು ಗೊತ್ತಾ ಸ್ವಾಮಿ? ಆ ಮಾತ್ರೆ ಏಕಾಏಕಿ ನಿಲ್ಲಿಸಬಾರದು. ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ ಅಂತ ಸಾವಿರ ಸಲ ಹೇಳಿದ್ದೆ. ಕೇಳಿದರೆ ತಾನೇ? ಮೊದಲಿಂದಲೂ ಹಾಗೇ. ಕರೆಂಟ್ ಹೋದ ದಿನ ಬೇರೆ ಯಾರನ್ನೂ ಹತ್ತಿರ ಬಿಡದೆ, ಮೂರು ಮಹಡಿ ಹತ್ತಿ ಕೈ ಸೈರನ್ ತಾವೇ ತಿರುಗಿಸೋರು. ಉಳಿದವರಿಗೆ ಅರ್ಧದಲ್ಲೇ ರಟ್ಟೆ ಬೀಳ್ತಿತ್ತು. ಅವರು ತಿರುಗಿಸಿದರೆ ಪೂರ್ತಿ ಒಂದು ನಿಮಿಷ ಕೂಗೋದು.”

“ಸಾರ್,” ರೇಡಿಯೋ ಮೆಲ್ಲಗೆ ಅಂದ. “ತಪ್ಪು ತಿಳ್ಕೋಬೇಡಿ. ಆರು ಬಿಲ್ಲೆ ಕಾಣೆಯಾದ ದಿನವೇ ನಿಮ್ಮ ಭಾವ ಇಲ್ಲಿಗೆ ಬಂದಿದ್ದು. ಇವರು ನೀರು ತರೋಕೆ ಹಿಂದೆ ಹೋಗಿದ್ರು.”

“ಗೊತ್ತು ಕಣಯ್ಯ. ಜೀಪು ತೆಗಿ, ಫ್ಯಾಕ್ಟರಿಗೆ.”

ಫ್ಯಾಕ್ಟರಿಯ ಗೇಟಿಗೆ ನಾಲ್ಕು ವರ್ಷದಿಂದ ಬೀಗ. ಕಾವಲುಗಾರನನ್ನು ಎರಡು ವರ್ಷದ ಹಿಂದೆಯೇ ತೆಗೆದಿದ್ದರು. ರಸ್ತೆಯ ಅಂಚಿನಲ್ಲಿ ಒಡೆದ ಗಾಜಿನ ಚೂರುಗಳು ಮಣ್ಣಿನೊಳಗಿಂದ ಮಿನುಗುತ್ತಿದ್ದವು. ದೊಡ್ಡ ಗೇಟಿನ ಬೀಗ ತುಕ್ಕು ಹಿಡಿದು ಹಾಗೇ ಇತ್ತು. ಪಕ್ಕದ ದಿಡ್ಡಿ ಬಾಗಿಲಿನದ್ದು ತೆರೆದಿತ್ತು.

ಸಾಹೇಬರು ಒಂದು ಬೆರಳಿಂದ ತಳ್ಳಿದರು. ಬಾಗಿಲು ಕಿರ್ರೆನ್ನದೆ ತೆರೆದುಕೊಂಡಿತು. ಕೀಲಿಗೆ ಹೊಸ ಎಣ್ಣೆ.

ಒಳಗೆ ಎಡಕ್ಕೆ ಗೇಟಿನ ಗುಮಾಸ್ತನ ಕೋಣೆ. ಕಿಟಕಿಯ ಗಾಜಿನ ಮೇಲೆ ಬೆರಳು ದಪ್ಪದ ಧೂಳು. ಆದರೆ ನೆಲವನ್ನು ಯಾರೋ ಗುಡಿಸಿದ್ದರು. ಪೊರಕೆ ಮೂಲೆಯಲ್ಲಿ ನೆಟ್ಟಗೆ ಒರಗಿತ್ತು.

ಗೋಡೆಗೆ ಎರಡು ಹಳೆಯ ಹಲಗೆ. ‘ಹೊರಗೆ’ ಹಲಗೆಯಲ್ಲಿ ಏನೂ ಇಲ್ಲ, ನೂರಾರು ಬರೀ ಮೊಳೆ. ‘ಒಳಗೆ’ ಹಲಗೆಯಲ್ಲಿ ಏಳು ಬಿಲ್ಲೆಗಳು, ಉಜ್ಜಿ ಬೆಳಗಿದ್ದವು, ತಮ್ಮ ತಮ್ಮ ನಂಬರಿನ ಮೊಳೆಗೇ ನೇತುಬಿದ್ದಿದ್ದವು.

ರೇಡಿಯೋ ಚೀಟಿಗಳನ್ನು ಒಂದೊಂದಾಗಿ ಹಿಡಿದು ತಾಳೆ ನೋಡಿದ. “ಆರೂ ಇವೆ ಸಾರ್. ಸತ್ತ ಆರೂ ಜನ. ಏಳನೇದು...”

ಏಳನೇದು 417. ಇವತ್ತು ಏಳೂ ಜನ ಕೆಲಸಕ್ಕೆ ಹಾಜರು.

ಈ ಮನುಷ್ಯ ಹನ್ನೊಂದು ದಿನದಿಂದ ಬೆಳಿಗ್ಗೆ ಇಲ್ಲಿಗೆ ಬಂದು, ಗುಡಿಸಿ, ಸತ್ತ ಗೆಳೆಯರ ಹಾಜರಿ ಹಾಕಿ, ಆಮೇಲೆ ತನ್ನದು ಹಾಕಿ, ಯಾವ ಕೆಲಸಕ್ಕೆ ಒಳಗೆ ಹೋಗುತ್ತಿದ್ದಾನೆ? ಮೊನ್ನೆ ಅದೇ ಕೈಯಿಂದ ತನ್ನ ನಂಬರ್ ಒತ್ತಿ, ಬಾಮೈದನ ಠಾಣೆಗೆ ಹಾಕಿ, ಮೊನ್ನೆಯೆಲ್ಲ ಕಾದು, ನಿನ್ನೆಯೆಲ್ಲ ಕಾದು, ಇವತ್ತು ಡಬ್ಬಿ ಬೇಡ ಅಂದಿದ್ದಾನೆ.

ಅವರು 417ನ್ನು ಮೊಳೆಯಿಂದ ತೆಗೆದರು. ಅಂಗಳ ದಾಟಿ, ಮೇಲೆ ಸೈರನ್ ಇದ್ದ ಕುಲುಮೆ ಶೆಡ್ಡಿನ ಕಬ್ಬಿಣದ ಬಾಗಿಲಿಗೆ ಹೋದರು. ಒಳಗಿನಿಂದ ಅಗಳಿ ಹಾಕಿತ್ತು.

“ಭಾವಾ!” ಅಂತ ಕೂಗಿದರು. ಬಿಲ್ಲೆಯಿಂದ ಬಾಗಿಲಿಗೆ ತಟ್ಟಿದರು. ಟಿಕ್ ಟಿಕ್ ಟಿಕ್.

ಒಳಗೆ ನಿಶ್ಶಬ್ದ. ಇನ್ನೊಮ್ಮೆ ತಟ್ಟಿದರು. ಆಗ ಮೇಲೆ ಎಲ್ಲೋ, ಮೂರನೇ ಮಹಡಿಯಲ್ಲಿ, ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದಾಯಿತು. ಒಂದು ಹಿಡಿ ನಿಧಾನಕ್ಕೆ ತಿರುಗಿತು, ಆಮೇಲೆ ಬೇಗ, ಆಮೇಲೆ ಇನ್ನೂ ಬೇಗ.

ನಾಲ್ಕು ವರ್ಷದ ಮೇಲೆ ಸೈರನ್ ಕೂಗಿತು.

ಮೊದಲು ನರಳಿದ ಹಾಗೆ ತಗ್ಗಿನಲ್ಲಿ, ಆಮೇಲೆ ಏರುತ್ತ, ಶೆಡ್ಡಿನ ತಗಡೆಲ್ಲ ನಡುಗುವ ಹಾಗೆ ಏರಿತು. ಗೇಟಿನಾಚೆ, ಮನೆ ಸಾಲಿನ ಉದ್ದಕ್ಕೂ, ಬಾಗಿಲುಗಳು ತೆರೆಯತೊಡಗಿದವು. ಒಂದು ಬಾಗಿಲು, ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ರೇಡಿಯೋ ತಿರುಗಿ ನೋಡಿ, “ಸಾರ್, ಎಲ್ಲಾ ಹೊರಗೆ ಬರ್ತಿದಾರೆ ಸಾರ್! ಬನಿಯನ್ನಲ್ಲೇ ಬರ್ತಿದಾರೆ!” ಅಂತ ಕಿರುಚಿದ.

ಸಾಹೇಬರು ಅದನ್ನು ನೋಡಲಿಲ್ಲ. ತಲೆ ಮೇಲೆತ್ತಿ ಎಣಿಸುತ್ತಿದ್ದರು. ಹತ್ತು, ಹದಿನೈದು, ಇಪ್ಪತ್ತು. ಭಾವ ತಿರುಗಿಸಿದರೆ ಪೂರ್ತಿ ಒಂದು ನಿಮಿಷ.

ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು.

ದನಿ ಜಾರಿತು. ಒಮ್ಮೆಲೇ ನಿಲ್ಲಲಿಲ್ಲ. ಹಿಡಿಯಿಂದ ಕೈ ಬಿಟ್ಟಾಗ ಚಕ್ರ ತಾನಾಗೇ ಸುತ್ತಿ ಸುತ್ತಿ ನಿಲ್ಲುವ ಹಾಗೆ, ಇಳಿಯುತ್ತ ಇಳಿಯುತ್ತ ಹೋಯಿತು. ಅದು ಪೂರ್ತಿ ಆರುವ ಮೊದಲೇ ಸಾಹೇಬರು ಆ ಬಾಗಿಲಿಗೆ ಹೆಗಲು ಕೊಟ್ಟಿದ್ದರು. ಗೇಟಿನ ಕಡೆಯಿಂದ ನೂರಾರು ಬರಿಗಾಲುಗಳು ಅದೇ ಬಾಗಿಲಿಗೆ ಓಡಿ ಬರುತ್ತಿದ್ದವು.